ಹೊಗೆ ಒಂದು ಕಡೆ, ಆಯಿಲ್ ಒಂದು ಕಡೆ: ನನ್ನ ಹಳೇ ಎಂಎಂ 540 ರಿಪೇರಿ ಆದದ್ದು ಹೀಗೆ

ನಮ್ಮದು ವಿಜಯಪುರದ ಕಡೆ ಊರು, ಈಗ ಇರುವುದು ಪುಣೆಯ ಧಾಯರಿಯಲ್ಲಿ. ನಾಲ್ಕು ವರ್ಷದ ಹಿಂದೆ ಒಂದು ಮಹೀಂದ್ರ ಎಂಎಂ 540 ಜೀಪು ತಗೊಂಡೆ. 1995ರ ಗಾಡಿ. ಎರಡನೇ ವಾರವೇ ಸಿಂಹಗಡ ಹತ್ತಿಸಿದೆ. ಅರ್ಧ ಘಾಟಿಗೆ ಬರುವಷ್ಟರಲ್ಲಿ ಕನ್ನಡಿಯಲ್ಲಿ ರಸ್ತೆ ಕಾಣುತ್ತಿರಲಿಲ್ಲ, ಬರೀ ಹೊಗೆ. ಹಿಂದಿನ ಬೈಕಿನವರು ಮೂಗು ಮುಚ್ಚಿಕೊಂಡು ಮುಂದೆ ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಗಾಡಿ ಕೆಳಗೆ ಊಟದ ತಟ್ಟೆಯಷ್ಟು ಅಗಲಕ್ಕೆ ಆಯಿಲ್ ಬಿದ್ದಿತ್ತು.

ಹತ್ತಿರದ ಒಂದು ಗ್ಯಾರೇಜಿಗೆ ಹೋದೆ. ಐದು ನಿಮಿಷ ರೇಸ್ ಮಾಡಿ ನೋಡಿದರು. ಎಂಜಿನ್ ಪೂರ್ತಿ ಬಿಚ್ಚಬೇಕು, ಲೈನರ್, ಪಿಸ್ಟನ್, ಪಿಸ್ಟನ್ ಸುತ್ತ ಕೂತು ಗ್ಯಾಸ್ ತಡೆಯುವ ರಿಂಗ್ ಎಲ್ಲ ಹೊಸದು, 75,000 ರೂಪಾಯಿ ಅಂದರು. ಒಂದು ನಟ್ಟೂ ಸಡಿಲ ಮಾಡಿ ನೋಡದೆ ಹೇಳಿದ ಮಾತು ಅದು. ನನಗೆ ಸಮಾಧಾನ ಆಗಲಿಲ್ಲ.

ಭೋಸರಿಯಲ್ಲಿ ಇಂಡಿ ಕಡೆಯ ಒಬ್ಬ ಕಾಕಾ ಇದ್ದಾರೆ. ಮೊದಲಿನಿಂದಲೂ ಡೀಸೆಲ್ ಗಾಡಿಗಳದ್ದೇ ಕೆಲಸ. ಅವರು ಗಾಡಿ ಸುತ್ತ ಒಂದು ಸುತ್ತು ಬಂದು, ಬಗ್ಗಿ ಕೆಳಗೆ ನೋಡಿ ಹೇಳಿದರು: "ತಮ್ಮಾ, ಹೊಗಿ ಬ್ಯಾರೆ, ಸೋರೂದು ಬ್ಯಾರೆ ಅಂತ ತಿಳಕೋಬ್ಯಾಡ. ಮದ್ಲ ಎಂಜಿನ್ ತೊಳಿ. ಆಮ್ಯಾಲ ಅದರ ಉಸರು ನೋಡು." ಅವತ್ತಿನಿಂದ ಮೂರು ಭಾನುವಾರ ನಾನು ಮಾಡಿದ್ದು ಅಷ್ಟೇ.

ಈ ಗಾಡಿಯಲ್ಲಿರುವುದು ಪ್ಯೂಜೊದ ಎಕ್ಸ್‌ಡಿಪಿ 4.90 ಎಂಜಿನ್. ನಾಲ್ಕು ಸಿಲಿಂಡರ್, ಒಂದೊಂದರ ಬೋರ್, ಅಂದರೆ ಒಳಗಿನ ಅಗಲ, 90 ಮಿ.ಮೀ., ಅದಕ್ಕೇ 4.90. ಒಟ್ಟು 2112 ಸಿಸಿ. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಹಾಗಾಗಿ ಕಣ್ಣು, ಮೂಗು, ಕಿವಿ ಇದ್ದರೆ ಅರ್ಧ ಕೆಲಸ ಆದ ಹಾಗೆ.

ಮೊದಲು ತೊಳೆದೆ. ಎರಡು ಲೀಟರ್ ಸೀಮೆಎಣ್ಣೆ, ಹಳೇ ಪೇಂಟ್ ಬ್ರಶ್, ಮೂಲೆಗಳಿಗೆ ಟೂತ್‌ಬ್ರಶ್. ವರ್ಷಗಟ್ಟಲೆ ಆಯಿಲ್ ಮೇಲೆ ಧೂಳು ಕೂತು ಡಾಂಬರಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ಕೆರೆಯುವುದಕ್ಕೇ ಒಂದು ಬೆಳಿಗ್ಗೆ ಹೋಯಿತು. ಪೂರ್ತಿ ಒಣಗಿದ ಮೇಲೆ ಮಗಳ ಪೌಡರ್ ಡಬ್ಬಿ ತಂದು ಎಂಜಿನ್ ಮೇಲೆಲ್ಲ ಉದುರಿಸಿದೆ. ಆಮೇಲೆ ಖಡಕ್‌ವಾಸ್ಲಾ ತನಕ ಹೋಗಿ ಬಂದೆ. ಬಾನೆಟ್ ಎತ್ತಿದರೆ ಬಿಳಿ ಪೌಡರ್ ಮೇಲೆ ಸಣ್ಣ ಕಪ್ಪು ದಾರಿ. ಎಂಜಿನ್ ತಲೆ ಮೇಲಿನ ಮುಚ್ಚಳದ, ಅಂದರೆ ವಾಲ್ವ್ ಕವರ್‌ನ, ಹಿಂದಿನ ಮೂಲೆಯಿಂದ ಹೊರಟು, ಬ್ಲಾಕಿನ ಬೆನ್ನ ಮೇಲೆ ಇಳಿದು, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಕೂರುವ ಬೆಲ್ ಹೌಸಿಂಗ್ ಕೆಳಗೆ ಹನಿಯಾಗಿ ನಿಂತಿತ್ತು.

ಎಲ್ಲರೂ ಮೋಸ ಹೋಗುವುದು ಇಲ್ಲೇ. ಬೆಲ್ ಹೌಸಿಂಗ್ ಕೆಳಗೆ ಹನಿ ಕಂಡರೆ ಕ್ರ್ಯಾಂಕಿನ, ಅಂದರೆ ಎಂಜಿನ್ನಿನ ತಿರುಗುವ ದಂಡದ, ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂತ ಶುರು ಮಾಡುತ್ತಾರೆ. ಆದರೆ ಆಯಿಲ್ ಕೆಳಕ್ಕೆ ಹರಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಅಂದರೆ ಹನಿ ಬೀಳುವ ಜಾಗಕ್ಕಿಂತ ಮೇಲೆ ಮತ್ತು ಮುಂದೆ ಹುಡುಕಬೇಕು. ಇನ್ನೊಂದು, ಹನಿಯನ್ನು ಬೆರಳಿಗೆ ತಗೊಂಡು ಮೂಸಿ ನೋಡಿ. ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಗಿರುತ್ತದೆ, ಸುಟ್ಟ ವಾಸನೆ. ಗೇರ್ ಆಯಿಲ್ ಮಂದ, ಗಂಧಕದ ಘಾಟು ಹೊಡೆಯುತ್ತದೆ, ಒಂದು ಸಲ ಮೂಸಿದರೆ ಮರೆಯುವುದಿಲ್ಲ. ನನ್ನ ಹನಿ ಎಂಜಿನ್ನಿನದೇ.

ವಾಲ್ವ್ ಕವರ್ ಗ್ಯಾಸ್ಕೆಟ್ ನಾನಾ ಪೇಠೆಯಲ್ಲಿ ಸಿಕ್ಕಿತು. ಹಾಕಿದೆ. ವಾರದಲ್ಲಿ ಮತ್ತೆ ಸೋರಿತು, ಈ ಸಲ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಅದರ ಬಾಯಿಂದಲೂ. ಆಗ ಕಾಕಾ ಹೇಳಿದ "ಉಸಿರು" ನೆನಪಾಯಿತು.

ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಗ್ಯಾಸ್ ಕೆಳಗೆ ನುಗ್ಗಿಯೇ ನುಗ್ಗುತ್ತದೆ. ಅದು ಹೊರಗೆ ಹೋಗಲಿ ಅಂತಲೇ ಬ್ರೀದರ್ ಪೈಪ್ ಇರುತ್ತದೆ. ಆ ದಾರಿ ಕಟ್ಟಿದರೆ ಒಳಗೆ ಒತ್ತಡ ಏರಿ, ಎಲ್ಲಿ ಸೀಲ್ ಮೆತ್ತಗಿದೆಯೋ ಅಲ್ಲಿ ಆಯಿಲ್ ನೂಕುತ್ತದೆ. ಎಂಜಿನ್ ಸ್ಲೋದಲ್ಲಿ ಬಿಟ್ಟು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಉಲ್ಟಾ ಮಾಡಿ ಬಾಯಿ ಮೇಲೆ ಸುಮ್ನೆ ಇಟ್ಟೆ. ಮುಚ್ಚಳ ಕುಣಿದು ಕೆಳಗೆ ಬಿತ್ತು. ಇದನ್ನು ನೋಡಿಯೇ ರಿಂಗ್ ಹೋಗಿದೆ ಅಂತ ತೀರ್ಪು ಕೊಡುವವರು ಜಾಸ್ತಿ. ನಾನು ಬ್ರೀದರ್ ಪೈಪ್ ಬಿಚ್ಚಿದೆ. ನನ್ನ ಗಾಡಿಯಲ್ಲಿ ಅದು ವಾಲ್ವ್ ಕವರ್‌ನಿಂದ ಗಾಳಿ ಎಳೆಯುವ ಪೈಪಿಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ರಬ್ಬರ್ ಚೆನ್ನಾಗಿಯೇ ಇತ್ತು. ಒಳಗೆ ಆಯಿಲ್ ಕುಡಿದು ಊದಿ, ಗೋಡೆಗೆ ಗೋಡೆ ಅಂಟಿಕೊಂಡಿತ್ತು. ಒಂದು ಪೆನ್ಸಿಲ್ ತೂರಿಸಿ ನೋಡಿದೆ, ಹೋಗಲಿಲ್ಲ. ಆಯಿಲ್ ತಡೆಯುವ ಹೊಸ ಪೈಪ್ ಹಾಕಿದೆ, 180 ರೂಪಾಯಿ. ಮುಚ್ಚಳ ಮತ್ತೆ ಇಟ್ಟು ನೋಡಿದೆ. ಸಣ್ಣಗೆ ನಡುಗಿತು, ಬೀಳಲಿಲ್ಲ. ಆ ಕ್ಷಣ ನನಗೆ ಆದ ಖುಷಿ ಹೇಳಲಾರೆ.

ಇನ್ನು ಹೊಗೆ. ನನ್ನದು ನೀಲಿ. ನೀಲಿ ಅಂದರೆ ಆಯಿಲ್ ಸುಡುತ್ತಿದೆ ಅಂತ. ಆದರೆ ಆ ಆಯಿಲ್ ಯಾವ ದಾರಿಯಿಂದ ಒಳಗೆ ಹೋಗುತ್ತಿದೆ? ರಾತ್ರಿ ನಿಲ್ಲಿಸಿ ಬೆಳಿಗ್ಗೆ ಚಾಲು ಮಾಡಿದಾಗ ಒಂದು ದಟ್ಟ ಹೊಗೆ ಬಂದು ನಿಂತರೆ ವಾಲ್ವ್ ಓಡಾಡುವ ಕೊಳವೆ, ಅಂದರೆ ವಾಲ್ವ್ ಗೈಡು, ಮತ್ತು ಅದರ ಸೀಲಿನ ಮೇಲೆ ಅನುಮಾನ. ಚಡಾವಿನಲ್ಲಿ ಬಿಡದೆ ಬಂದರೆ ರಿಂಗಿನ ಮೇಲೆ. ನನ್ನ ಗಾಡಿ ಚಡಾವಿನಲ್ಲೇ ಹೊಗೆ ಬಿಡುತ್ತಿತ್ತು, ಅಂದರೆ ಗ್ಯಾರೇಜಿನವರ ಮಾತು ಸರಿ ಅಂತ ಅನಿಸುವ ಹಾಗೆಯೇ ಇತ್ತು. ಆದರೆ ಮೂರನೇ ದಾರಿ ಒಂದಿದೆ, ಏರ್ ಕ್ಲೀನರ್. ನನ್ನದು ಧೂಳು ಹಿಡಿಯಲು ಆಯಿಲ್ ತುಂಬುವ ಹಳೇ ತರಹದ್ದು. ಕೆಳಗಿನ ಬಟ್ಟಲಿನಲ್ಲಿ ಒಂದು ಗೆರೆ ಇರುತ್ತದೆ, ಅಲ್ಲಿ ತನಕ ಮಾತ್ರ ಆಯಿಲ್. ಬಟ್ಟಲು ಇಳಿಸಿದೆ. ಗೆರೆಗಿಂತ ಎರಡು ಬೆರಳು ಮೇಲಕ್ಕೆ ಆಯಿಲ್ ಇತ್ತು, ತಳದಲ್ಲಿ ಕೆಸರು. ಯಾರೋ ಜಾಸ್ತಿ ಹಾಕಿದರೆ ಒಳ್ಳೇದು ಅಂತ ಸುರಿದಿದ್ದರು. ಚಡಾವಿನಲ್ಲಿ ರೇಸ್ ಕೊಟ್ಟಾಗ ಎಂಜಿನ್ ಅದನ್ನೇ ಎಳೆದುಕೊಂಡು ಸುಡುತ್ತಿತ್ತು.

ಇದರಲ್ಲಿ ಅಪಾಯವೂ ಇದೆ. ಡೀಸೆಲ್ ಎಂಜಿನ್ ಹೀಗೆ ಆಯಿಲ್ ಜಾಸ್ತಿ ಎಳೆದರೆ ಅದನ್ನೇ ಇಂಧನ ಮಾಡಿಕೊಂಡು ತಾನಾಗಿ ರೇಸ್ ಏರಿಸಿಕೊಳ್ಳುತ್ತದೆ. ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಆಗ ದೊಡ್ಡ ಗೇರ್ ಹಾಕಿ, ಬ್ರೇಕ್ ಗಟ್ಟಿ ಹಿಡಿದು ಕ್ಲಚ್ ಬಿಟ್ಟು ಬಂದ್ ಮಾಡಬೇಕು. ಇಲ್ಲವೇ ಗಾಳಿಯ ಬಾಯಿಗೆ ಹಲಗೆ ಅಡ್ಡ ಒತ್ತಬೇಕು. ಕೈ ಮಾತ್ರ ಇಡಬೇಡಿ.

ಬಟ್ಟಲು ತೊಳೆದು ಗೆರೆ ತನಕ ಹೊಸ ಆಯಿಲ್ ಹಾಕಿದೆ. ನೀಲಿ ಮುಕ್ಕಾಲು ಭಾಗ ಹೋಯಿತು. ನೀಲಿ ಹೋದ ಮೇಲೆ ಅದರ ಹಿಂದೆ ಅಡಗಿದ್ದದ್ದು ಕಂಡಿತು. ಬೆಳಿಗ್ಗೆ ಕಣ್ಣು ಉರಿಸುವ ಬಿಳಿ ಹೊಗೆ, ಲೋಡ್ ಬಿದ್ದಾಗ ಕಪ್ಪು. ಕಣ್ಣು ಉರಿಸುವ ಬಿಳಿ ಅಂದರೆ ಸುಡದ ಡೀಸೆಲ್. ನೀರಿನ ಆವಿಯಾದರೆ ಕಣ್ಣು ಉರಿಯುವುದಿಲ್ಲ, ರೇಡಿಯೇಟರ್‌ನಿಂದ ಒಳಗೆ ಸೋರಿದ್ದಾದರೆ ಅದರ ನೀರೂ ಇಳಿಯುತ್ತದೆ. ತಣ್ಣಗಿನ ಎಂಜಿನ್ ಚಾಲು ಮಾಡುವಾಗ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ನಾಲ್ಕನ್ನೂ ಬಿಡಿಸಿ ಬ್ಯಾಟರಿ ಮತ್ತು ಬಲ್ಬ್ ಹಿಡಿದು ನೋಡಿದೆ, ಒಂದರಲ್ಲಿ ಬಲ್ಬ್ ಹತ್ತಲಿಲ್ಲ. ಬದಲಿಸಿದೆ. ಆಮೇಲೆ ಕಾಕಾ ಮುಂದೆ ನಿಂತು ಹೇಳಿಕೊಟ್ಟರು. ಎಂಜಿನ್ ಸ್ಲೋದಲ್ಲಿ ಇರುವಾಗ ಸಿಲಿಂಡರಿನೊಳಗೆ ಡೀಸೆಲ್ ಸಿಡಿಸುವ ನಾಝಲ್‌ಗಳ ಒಂದೊಂದೇ ಪೈಪಿನ ನಟ್ಟು, ಬಟ್ಟೆ ಸುತ್ತಿ, ಅರ್ಧ ಸುತ್ತು ಸಡಿಲ. ಅಲ್ಲಿನ ಡೀಸೆಲ್ ಚರ್ಮ ತೂರಿ ಒಳಗೆ ಹೋಗುವಷ್ಟು ಜೋರಾಗಿ ಚಿಮ್ಮುತ್ತದೆ, ಬೆರಳು ದೂರ ಇರಬೇಕು. ಒಂದು, ಎರಡು ಸಡಿಲ ಮಾಡಿದಾಗ ಎಂಜಿನ್ ಕುಂಟಿತು, ಹೊಗೆ ಹಾಗೇ ಇತ್ತು. ಮೂರನೆಯದಕ್ಕೆ ಎಂಜಿನ್ ಕುಂಟಲೇ ಇಲ್ಲ, ಹೊಗೆ ಮಾತ್ರ ನಿಂತಿತು. "ಸಿಕ್ಕ ನೋಡ ಕಳ್ಳ" ಅಂದರು ಕಾಕಾ. ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ಟೆಸ್ಟ್‌ಗೆ ಹಾಕಿದರೆ ಆ ನಾಝಲ್ ಮಂಜಿನ ಹಾಗೆ ಸಿಡಿಸದೆ ತೊಟ್ಟಿಕ್ಕುತ್ತಿತ್ತು. ಗಾಡಿ ಹಳೇದು ಅಂತ ನಾಲ್ಕೂ ಹೊಸದು ಹಾಕಿಸಿದೆ.

ಎಂಜಿನ್ನಿಗೆ ಡೀಸೆಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಪಂಪಿನ ಸ್ಕ್ರೂ ಮಾತ್ರ ಮುಟ್ಟಿಸಲಿಲ್ಲ. ಕಪ್ಪು ಹೊಗೆ ಅಂದ ಕೂಡಲೇ ಸೀಲ್ ಒಡೆದು ಸ್ಕ್ರೂ ತಿರುಗಿಸುವವರಿದ್ದಾರೆ. ನನ್ನ ಗಾಡಿ ಈಗಲೂ ಮಹಾಬಳೇಶ್ವರದಲ್ಲಿ ಸ್ವಲ್ಪ ಕಪ್ಪು ಬಿಡುತ್ತದೆ. ಅದು ಸುಮಾರು 1,350 ಮೀಟರ್ ಎತ್ತರ. ಗಾಳಿ ತೆಳ್ಳಗಾಗುತ್ತದೆ, ಪಂಪ್ ಮಾತ್ರ ಅಷ್ಟೇ ಡೀಸೆಲ್ ಕೊಡುತ್ತದೆ. ಕೆಳಗೆ ವಾಯಿಗೆ ಇಳಿದರೆ ಸರಿ ಹೋಗುತ್ತದೆ.

ಪಿಯುಸಿಗೆ, ಅಂದರೆ ಹೊಗೆ ಪರೀಕ್ಷೆಗೆ, ಹೋದೆ. ಬಿಎಸ್ 4 ಅನ್ನುವ ಹೊಗೆ ನಿಯಮಕ್ಕಿಂತ ಹಳೇ ಡೀಸೆಲ್ ಗಾಡಿಗಳಿಗೆ ಹೊಗೆಯ ದಟ್ಟಣೆಯ ಮಿತಿ 65 ಹಾರ್ಟ್‌ರಿಡ್ಜ್ ಯೂನಿಟ್, ಬಿಎಸ್ 4 ಗಾಡಿಗಳಿಗೆ 50. ಎಂಜಿನ್ ಪೂರ್ತಿ ಬಿಸಿ ಆದ ಮೇಲೆಯೇ ಒಳಗೆ ತಗೊಂಡು ಹೋದೆ. ಬಂದದ್ದು 44. ಅಂದರೆ ಬಿಎಸ್ 4 ಗಾಡಿಯ ಮಿತಿಯೊಳಗೇ! ಆ ಚೀಟಿ ಇನ್ನೂ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿದೆ.

ಒಟ್ಟು ಖರ್ಚು, ನಾಝಲ್ ಸೇರಿ, 9,000 ಒಳಗೆ. ಮೊದಲು 300 ಕಿ.ಮೀ.ಗೆ ಒಂದು ಲೀಟರ್ ಎಂಜಿನ್ ಆಯಿಲ್ ಕುಡಿಯುತ್ತಿತ್ತು. ಈಗ ಊರಿಗೆ ಹೋಗಿ ಬಂದರೂ ಡಿಪ್‌ಸ್ಟಿಕ್‌ನಲ್ಲಿ ಎರಡು ಗೆರೆಗಳ ನಡುವೆಯೇ ಇರುತ್ತದೆ. ರಿಂಗ್ ಹೊಸದರ ಹಾಗಿದೆ ಅಂತ ಹೇಳುವುದಿಲ್ಲ. ಬೆಳಿಗ್ಗೆ ಇನ್ನೂ ಒಂದು ಚೂರು ನೀಲಿ ಕಾಣುತ್ತದೆ, ಅದು ವಾಲ್ವ್ ಗೈಡಿನದು.

ರಾತ್ರಿ ಗಾಡಿ ಕೆಳಗೆ ರಟ್ಟು ಹಾಸುವುದು ಬಿಟ್ಟಿಲ್ಲ. ಕಳೆದ ವಾರ ಅದರ ಮೇಲೆ ಎರಡು ಹನಿ ಕಂಡವು. ಮೂಸಿದೆ, ಗಂಧಕದ ಘಾಟು. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲ್ ಇರಬೇಕು. ಭಾನುವಾರ ಭೋಸರಿಗೆ ಹೋಗುತ್ತಿದ್ದೇನೆ.