ಬಿಡೋದು ಕಲಿತ ಮೇಲೆ ಆಪ್ಟಿಟ್ಯೂಡ್ ಟೆಸ್ಟ್ ಪಾಸಾಗಿದ್ದು: ನನ್ನ ಅನುಭವ

ಹತ್ತನೇ ಕ್ಲಾಸ್ ತನಕ ನಂದು ಕನ್ನಡ ಮೀಡಿಯಂ, ದಾವಣಗೆರೆ ಹತ್ರ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ 60 ಪರ್ಸೆಂಟ್ ಮೇಲಿತ್ತು, ಹಂಗಾಗಿ ಕ್ಯಾಂಪಸ್‌ಗೆ ಬಂದ ಕಂಪನಿಗಳ ಟೆಸ್ಟಿಗೆ ಕೂರೋಕೆ ಬಿಟ್ರು, ಆದ್ರೆ ನಾಲ್ಕಕ್ಕೆ ನಾಲ್ಕೂ ಮೊದಲನೇ ರೌಂಡಲ್ಲೇ, ಅಂದ್ರೆ ಲೆಕ್ಕ, ತರ್ಕ, ಇಂಗ್ಲಿಷ್ ಇರೋ ಆಪ್ಟಿಟ್ಯೂಡ್ ಟೆಸ್ಟಲ್ಲೇ ಔಟ್. ಕೋಡಿಂಗ್ ಬರ್ತಿತ್ತು, ಅಲ್ಲೀತನಕ ಹೋಗೋಕೇ ಆಗ್ಲಿಲ್ಲ. ಅಪ್ಪಾಜಿ ಫೋನ್ ಮಾಡಿ "ಏನಾತಪ್ಪಾ" ಅಂದ್ರೆ ಬಾಯಿಂದ ಮಾತೇ ಹೊರಡ್ತಿರ್ಲಿಲ್ಲ.

ಆಮೇಲೆ ಬೆಂಗಳೂರಿಗೆ ಬಂದು ಬಿಟಿಎಂ ಲೇಔಟ್‌ನಲ್ಲಿ ಪಿಜಿ ಸೇರ್ಕೊಂಡೆ. ಮೊದಲ ತಿಂಗಳು ದಿನಾ ಐವತ್ತು ಲೆಕ್ಕ ಮಾಡಿದ್ರೂ ಮಾಕ್ ಟೆಸ್ಟಲ್ಲಿ ಮಾರ್ಕ್ಸ್ ಇದ್ದಲ್ಲೇ ಇತ್ತು. ರಾಯಚೂರಿನ ರೂಮ್‌ಮೇಟ್ ಒಂದಿನ ಮೊಬೈಲಲ್ಲಿ ಟೈಮರ್ ಹಾಕ್ಕೊಂಡು ಪಕ್ಕದಲ್ಲೇ ಕೂತು ನೋಡ್ದ. "ಲೇ, ಒಂದ್ ಲೆಕ್ಕಕ್ಕ ಆರ್ ನಿಮಿಷ ಕುಂತೀಯಲ್ಲೋ, ಬಿಡೋದು ಕಲಿ ಮೊದ್ಲ" ಅಂದ.

ಅವತ್ತಿಂದ ಒಂದು ನೋಟ್‌ಬುಕ್ ಇಟ್ಟೆ, ತಪ್ಪಾದ ಪ್ರತಿ ಲೆಕ್ಕಕ್ಕೂ ಕಾರಣ ಬರೀತಿದ್ದೆ: ಗೊತ್ತಿರ್ಲಿಲ್ಲ, ಕೂಡೋದು ಕಳೆಯೋದ್ರಲ್ಲಿ ತಪ್ಪಿತು, ಪ್ರಶ್ನೆ ಸರಿಯಾಗಿ ಓದ್ಲಿಲ್ಲ. ಎರಡು ವಾರ ಆದ್ಮೇಲೆ ನೋಡಿದ್ರೆ ಮೂರನೇ ಕಾರಣಾನೇ ಜಾಸ್ತಿ. ಉದಾಹರಣೆಗೆ 150 ಮೀಟರ್ ಉದ್ದದ ರೈಲು, ಗಂಟೆಗೆ 54 ಕಿ.ಮೀ. ಸ್ಪೀಡು, 300 ಮೀಟರ್ ಪ್ಲಾಟ್‌ಫಾರ್ಮ್ ದಾಟೋಕೆ ಎಷ್ಟು ಹೊತ್ತು? 54 ಅಂದ್ರೆ ಸೆಕೆಂಡಿಗೆ 15 ಮೀಟರ್, ನಾನು ಗಡಿಬಿಡೀಲಿ 300ನ್ನ 15ರಿಂದ ಭಾಗಿಸಿ 20 ಅಂತ ಟಿಕ್ ಮಾಡಿದ್ದೆ, ಆಪ್ಷನ್‌ಗಳಲ್ಲಿ 20 ಇಟ್ಟಿರ್ತಾರೆ ಕೂಡ. ಇಂಗ್ಲಿಷಲ್ಲಿ ಓದಿದ್ದನ್ನ ಮನಸಲ್ಲೇ ಕನ್ನಡದಲ್ಲಿ ಹೇಳ್ಕೊಂಡ್ರೆ, ರೈಲಿನ ಮೂತಿ ಪ್ಲಾಟ್‌ಫಾರ್ಮ್ ಮುಟ್ಟಿದಾಗಿಂದ ಬಾಲ ದಾಟೋತನಕ ಅಂತ, 450 ಮೀಟರ್ ಅನ್ನೋದು ಕಣ್ಣಿಗೇ ಕಾಣುತ್ತೆ, ಉತ್ತರ 30 ಸೆಕೆಂಡ್.

ಟೈಮ್ ಅಂಡ್ ವರ್ಕ್‌ಗೂ, ಅಂದ್ರೆ ಕೆಲಸ ಎಷ್ಟು ದಿನದಲ್ಲಿ ಮುಗಿಯುತ್ತೆ ಅನ್ನೋ ಲೆಕ್ಕಕ್ಕೂ, ಸ್ಕೂಲಲ್ಲಿ ಕಲಿತ ಲ.ಸಾ.ಅ.ನೇ (ಲಘುತಮ ಸಾಮಾನ್ಯ ಅಪವರ್ತ್ಯ) ಕೈ ಹಿಡೀತು. ಒಂದು ಕೆಲಸನ ಒಬ್ಬ 12 ದಿನ, ಇನ್ನೊಬ್ಬ 18 ದಿನದಲ್ಲಿ ಮುಗಿಸ್ತಾನೆ, ಇಬ್ರೂ ಸೇರಿದ್ರೆ ಎಷ್ಟು ದಿನ ಅಂತ ಕೇಳಿದ್ರೆ ಭಿನ್ನರಾಶಿ ಸಹವಾಸ ಬೇಡ, ಲ.ಸಾ.ಅ. 36, ಹೊರಬೇಕಾಗಿರೋದು 36 ಮೂಟೆ ಅಂದ್ಕೊಳ್ಳಿ, ಒಬ್ಬ ದಿನಕ್ಕೆ 3, ಇನ್ನೊಬ್ಬ 2, ಇಬ್ರೂ ಸೇರಿ 5, ಅಂದ್ರೆ 7.2 ದಿನ.

ಆಮೇಲೆ ಇ-ಲಿಟ್ಮಸ್ ಬರೆದೆ, ಇದರ ಸ್ಕೋರ್ ನೋಡಿ ಬೇರೆ ಬೇರೆ ಕಂಪನಿಗಳು ಇಂಟರ್‌ವ್ಯೂಗೆ ಕರೀತಾವೆ. ಆಗ 60 ಪ್ರಶ್ನೆ, ಎರಡು ಗಂಟೆ, ತಪ್ಪು ಜಾಸ್ತಿ ಆದ್ರೆ ಮಾರ್ಕ್ಸ್ ಕಟ್. ಮೊದಲ ಹತ್ತು ನಿಮಿಷ ಪೆನ್ನೇ ಮುಟ್ಟದೆ ಪೂರ್ತಿ ಪೇಪರ್ ಓದಿ, ಆಗೋದಕ್ಕೆ ಮಾತ್ರ ಗುರುತು ಹಾಕ್ಕೊಂಡು, 26 ಪ್ರಶ್ನೆ ಮಾಡಿ ಉಳಿದಿದ್ದೆಲ್ಲ ಬಿಟ್ಟೆ. ಬಿಡೋವಾಗ ಹೊಟ್ಟೇಲಿ ಸಂಕಟ ಆಗ್ತಿತ್ತು, ನಿಜ. ಎರಡು ತಿಂಗಳಲ್ಲಿ ಮೂರು ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು, ಮೂರನೇದ್ರಲ್ಲಿ ಕೆಲಸ ಆಯ್ತು.

ವರ್ಬಲ್‌ಗೆ, ಅಂದ್ರೆ ಟೆಸ್ಟಿನ ಇಂಗ್ಲಿಷ್ ಭಾಗಕ್ಕೆ ಮಾತ್ರ ಅಡ್ಡದಾರಿ ಸಿಗ್ಲಿಲ್ಲ. ದಿನಾ ಇಂಗ್ಲಿಷ್ ಪೇಪರಿನ ಸಂಪಾದಕೀಯ ಒಂದನ್ನ ಜೋರಾಗಿ ಓದಿ, ಅದ್ರಲ್ಲೇನಿತ್ತು ಅಂತ ರೂಮ್‌ಮೇಟ್‌ಗೆ ಕನ್ನಡದಲ್ಲಿ ಹೇಳ್ತಿದ್ದೆ, ಓದೋ ಸ್ಪೀಡ್ ಬರೋಕೆ ನಾಲ್ಕು ತಿಂಗಳು ಹಿಡೀತು. ಇನ್ನೂ ಮೂರನೇ ವರ್ಷದಲ್ಲಿರೋರು ಲೆಕ್ಕಕ್ಕಿಂತ ಮುಂಚೆ ಇದನ್ನೇ ಶುರು ಮಾಡ್ಕೊಳ್ಳಿ.