ಹಿತ್ತಲಿನ ಆಲೂಗಡ್ಡೆ: ಬಿತ್ತನೆ ಗಡ್ಡೆ ಆರಿಸುವುದು, ನೆಡುವುದು ಹೇಗೆ?

ಆಲೂಗಡ್ಡೆ ಬೆಳೆಯಲು ನಾವು ನೆಡುವುದು ಬೀಜವನ್ನಲ್ಲ, ಗಿಡದ ತುಂಡನ್ನೇ. ಗಡ್ಡೆಯೆಂದರೆ ಮಣ್ಣಿನೊಳಗೆ ಉಬ್ಬಿದ ಕಾಂಡ, ಅದರ ಮೇಲಿನ ಕಣ್ಣುಗಳೇ ಮೊಗ್ಗುಗಳು. ಹೀಗಾಗಿ ತಾಯಿಗಿಡಕ್ಕೆ ತಗುಲಿದ್ದ ನಂಜುರೋಗ (ವೈರಸ್ ರೋಗ), ಸೊರಗು ರೋಗ, ಎಲೆ ಕರಗಿಸುವ ಅಂಗಮಾರಿ ಯಾವುದೇ ಇರಲಿ, ಗಡ್ಡೆಯ ಜೊತೆಗೇ ನಮ್ಮ ಹಿತ್ತಲಿಗೂ ಬಂದುಬಿಡುತ್ತದೆ. ಹಾಸನ ಸೀಮೆಯ ರೈತರು ತಾವು ಬೆಳೆದ ಗಡ್ಡೆ ಕೈಯಲ್ಲಿದ್ದರೂ ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆಗೆ ಹಣ ಸುರಿಯುವುದು ಇದೇ ಕಾರಣಕ್ಕೆ. ಅಲ್ಲಿ ನಂಜು ಹರಡುವ ಗಿಡಹೇನುಗಳ ಕಾಟ ಕಡಿಮೆಯಿರುವ ಚಳಿಗಾಲದಲ್ಲಿ ಬಿತ್ತನೆ ಗಡ್ಡೆ ಬೆಳೆಯುತ್ತಾರೆ.

ಅಡುಗೆಗೆ ತಂದ ಗಡ್ಡೆಯನ್ನೇ ನೆಟ್ಟರಾಗದೇ ಎಂದು ಹಲವರು ಕೇಳುತ್ತಾರೆ. ಮೊಳಕೆ ಬಂದರೆ ಗಿಡವೇನೋ ಆಗುತ್ತದೆ. ಆದರೆ ಅದರ ತಳಿ ಯಾವುದೆಂದು ತಿಳಿಯದು, ರೋಗವಿದೆಯೋ ಇಲ್ಲವೋ ತಿಳಿಯದು, ಶೀತಲಗೃಹದಲ್ಲಿ ಮೊಳಕೆ ತಡೆಯುವ ಔಷಧಿ ಹಾಕಿದ ಗಡ್ಡೆಯಾಗಿದ್ದರೆ ವಾರಗಟ್ಟಲೆ ಕಾದರೂ ಕಣ್ಣೊಡೆಯದು. ನಾಲ್ಕು ಗಿಡಕ್ಕಾದರೂ ಸರಿ, ಬಿತ್ತನೆ ಗಡ್ಡೆಯನ್ನೇ ಕೇಳಿ ತರುವುದು ಒಳ್ಳೆಯದು. ನಮ್ಮಲ್ಲಿ ಹೆಚ್ಚು ಸಿಗುವುದು ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು 1968ರಲ್ಲಿ ಬಿಡುಗಡೆ ಮಾಡಿದ ಈ ತಳಿಗೆ ಮೊದಲಿದ್ದ ಅಂಗಮಾರಿ ನಿರೋಧಕ ಶಕ್ತಿ ಈಗ ಉಳಿದಿಲ್ಲ. ಕುಫ್ರಿ ಹಿಮಾಲಿನಿ ಸಿಕ್ಕರೆ ಅದನ್ನು ಆರಿಸಿಕೊಳ್ಳುವುದು ಮೇಲು.

ಆರಿಸುವಾಗ ಕೋಳಿಮೊಟ್ಟೆಯಷ್ಟು ದಪ್ಪದ, ಸುಮಾರು 40ರಿಂದ 50 ಗ್ರಾಂ ತೂಗುವ, ಒತ್ತಿದರೆ ಗಟ್ಟಿಯಾಗಿರುವ ಗಡ್ಡೆಗಳನ್ನು ತೆಗೆದುಕೊಳ್ಳಬೇಕು. ಅವುಗಳಲ್ಲಿ ಒಂದನ್ನು ಅಡ್ಡಲಾಗಿ ಕತ್ತರಿಸಿ ನೋಡುವುದನ್ನು ಮಾತ್ರ ಮರೆಯಬಾರದು. ಸಿಪ್ಪೆಯ ಒಳಗಡೆ ಕಂದು ಬಣ್ಣದ ಉಂಗುರವಿದ್ದು, ಹಿಸುಕಿದಾಗ ಅಲ್ಲಿಂದ ಬಿಳಿಯ ಲೋಳೆ ಜಿನುಗಿದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಅಂಥ ರಾಶಿಯಿಂದ ಒಂದು ಗಡ್ಡೆಯನ್ನೂ ತರಬೇಡಿ. ಈ ದುಂಡಾಣು ಒಮ್ಮೆ ಮಣ್ಣಿಗೆ ಇಳಿದರೆ ಮುಂದೆ ಆ ಜಾಗದಲ್ಲಿ ಟೊಮೆಟೊ, ಬದನೆ ಕೂಡ ನೆಮ್ಮದಿಯಾಗಿ ಬೆಳೆಯುವುದಿಲ್ಲ.

ಶೀತಲಗೃಹದಿಂದ ಬಂದ ಗಡ್ಡೆಯನ್ನು ನೇರವಾಗಿ ಮಣ್ಣಿಗೆ ಹಾಕದೆ, ಗಾಳಿ ಮತ್ತು ಮಂದ ಬೆಳಕು ಇರುವ ಜಗಲಿಯಲ್ಲಿ, ಬಿಸಿಲು ತಾಗದಂತೆ, ಒಂದೇ ಪದರವಾಗಿ ಎಂಟು–ಹತ್ತು ದಿನ ಹರಡಿಡಬೇಕು. ಕತ್ತಲಲ್ಲಿ ಬಂದ ಮೊಳಕೆ ದಾರದಂತೆ ಬೆಳ್ಳಗೆ ಉದ್ದವಾಗಿ ಬೆಳೆದು ಕೈ ತಾಗಿದರೆ ಮುರಿಯುತ್ತದೆ. ಬೆಳಕಿನಲ್ಲಿ ಬಂದದ್ದು ಅರ್ಧ ಇಂಚೂ ದಾಟದೆ, ಬಣ್ಣಗಟ್ಟಿ, ಬುಡದಲ್ಲಿ ಬೇರಿನ ಸಣ್ಣ ಗುಳ್ಳೆಗಳನ್ನು ಹೊತ್ತು ದಪ್ಪಗೆ ಕುಳಿತಿರುತ್ತದೆ. ನೆಡಲು ಬೇಕಾದದ್ದು ಈ ಎರಡನೆಯದು. ಕೂದಲಿನಷ್ಟು ಸಣ್ಣ ಮೊಳಕೆಯ ಗಡ್ಡೆಗಳಿದ್ದರೆ ಅವು ನಂಜುಪೀಡಿತವಾಗಿರುವ ಸಾಧ್ಯತೆ ಹೆಚ್ಚು, ಅವನ್ನು ಬಿಟ್ಟುಬಿಡಿ.

ದೊಡ್ಡ ಗಡ್ಡೆಯಾದರೆ ಉದ್ದಕ್ಕೆ ಸೀಳಬೇಕು, ಏಕೆಂದರೆ ಹೆಚ್ಚಿನ ಕಣ್ಣುಗಳು ಒಂದೇ ತುದಿಯಲ್ಲಿ ಗುಂಪಾಗಿರುತ್ತವೆ. ಪ್ರತಿ ಹೋಳಿನಲ್ಲೂ ಎರಡು ಕಣ್ಣುಗಳಾದರೂ ಇರಲಿ, ಒಂದು ಗಡ್ಡೆ ಮುಗಿದು ಇನ್ನೊಂದಕ್ಕೆ ಹೋಗುವ ಮುನ್ನ ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿರಿ. ಹೋಳುಗಳನ್ನು ನೆರಳಿನಲ್ಲಿ ಎರಡು ದಿನ ಇಟ್ಟು, ಕತ್ತರಿಸಿದ ಭಾಗ ತೆಳುವಾಗಿ ಪೊರೆಗಟ್ಟಿದ ಮೇಲೆ ನೆಟ್ಟರೆ ಕೊಳೆಯುವುದಿಲ್ಲ. ಮಳೆಗಾಲದ ನಾಟಿಗೆ ಇಡೀ ಗಡ್ಡೆಯೇ ಕ್ಷೇಮ.

ಬಯಲುಸೀಮೆಯಲ್ಲಿ ಮೇ–ಜೂನ್ ಮತ್ತು ಅಕ್ಟೋಬರ್–ನವೆಂಬರ್ ನಾಟಿಯ ಕಾಲ. ಹಿತ್ತಲಿನವರಿಗೆ ಎರಡನೆಯದೇ ಹಿತ, ಏಕೆಂದರೆ ಗಡ್ಡೆ ಕಟ್ಟಲು ತಂಪು ರಾತ್ರಿಗಳು ಬೇಕು, ಸೆಕೆಯಿದ್ದರೆ ಗಿಡ ಬರೀ ಸೊಪ್ಪಾಗುತ್ತದೆ. ಹಿಂದಿನ ಬೆಳೆ ಟೊಮೆಟೊ, ಬದನೆ, ಮೆಣಸಿನಕಾಯಿ ಆಗಿರದ ಜಾಗವನ್ನು ಆರಿಸಿ, ಮಣ್ಣನ್ನು ಸಡಿಲಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಎರಡು ಅಡಿಗೊಂದು ಸಾಲು ತೆಗೆದು, ಸಾಲಿನಲ್ಲಿ 20 ಸೆಂಟಿಮೀಟರ್‌ಗೆ ಒಂದರಂತೆ, ಮೊಳಕೆ ಮೇಲ್ಮುಖವಾಗಿ, 5ರಿಂದ 7 ಸೆಂಟಿಮೀಟರ್ ಆಳಕ್ಕೆ ಗಡ್ಡೆಗಳನ್ನಿಟ್ಟು ಮುಚ್ಚಿರಿ. ಮಣ್ಣು ಹಸಿಯಾಗಿದ್ದರೆ ಸಾಕು, ನೀರು ನಿಲ್ಲಬಾರದು.

ನೆಟ್ಟ 25ರಿಂದ 30 ದಿನಗಳಲ್ಲಿ ಗಿಡ ಗೇಣುದ್ದವಾದಾಗ ಬುಡಕ್ಕೆ ಮಣ್ಣು ಏರಿಸಬೇಕು. ಹೊಸ ಗಡ್ಡೆಗಳು ನೆಟ್ಟ ಗಡ್ಡೆಗಿಂತ ಮೇಲೆ, ಕಾಂಡದಿಂದ ಹೊರಟ ಬಿಳಲುಗಳ ತುದಿಯಲ್ಲಿ ಕಟ್ಟುತ್ತವೆ. ಅಲ್ಲಿ ಮಣ್ಣು ಸಾಲದಿದ್ದರೆ ಬೆಳಕು ಬಿದ್ದು ಹಸಿರಾಗುತ್ತವೆ. ಹಸಿರುಗಟ್ಟಿದ ಗಡ್ಡೆಯಲ್ಲಿ ಸೋಲನಿನ್ ಎಂಬ ವಿಷವಿರುವುದರಿಂದ ಅದನ್ನು ತಿನ್ನಬಾರದು.

ಮೋಡ ಮುಚ್ಚಿ ಜಡಿಮಳೆ ಹಿಡಿದ ದಿನಗಳಲ್ಲಿ ಬೆಳಿಗ್ಗೆ ಎಲೆ ತಿರುಗಿಸಿ ನೋಡುವ ರೂಢಿ ಇರಲಿ. ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಕಪ್ಪು ಮಚ್ಚೆ, ಅಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಅದು ಅಂಗಮಾರಿ. ಆ ಗಿಡವನ್ನು ತಡಮಾಡದೆ ಕಿತ್ತು ದೂರದಲ್ಲಿ ಹೂಳಿ, ಉಳಿದವಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು.

ಸುಮಾರು 90 ದಿನಗಳಿಗೆ ಎಲೆಗಳು ಹಳದಿಯಾಗತೊಡಗಿದಾಗ ನೀರು ನಿಲ್ಲಿಸಿ, ಕಾಂಡ ಕೊಯ್ದು, ಹತ್ತು ದಿನ ಬಿಡಿ. ಒಂದು ಗಡ್ಡೆಯನ್ನು ಕೆದಕಿ ತೆಗೆದು ಹೆಬ್ಬೆರಳಿನಿಂದ ಉಜ್ಜಿದಾಗ ಸಿಪ್ಪೆ ಜಾರದಿದ್ದರೆ ಉಳಿದವನ್ನೂ ಅಗೆಯಬಹುದು.