ಸತ್ತ ಎಕ್ಸ್‌ಪಿಗೆ ಹೊಸ ಕಂಪ್ಯೂಟರಿನಲ್ಲೊಂದು ಕೋಣೆ

ಗದಗಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಒಮ್ಮೊಮ್ಮೆ ಪುಸ್ತಕ. ಹೋದ ಶ್ರಾವಣದಲ್ಲಿ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಪುಟ ಕಟ್ಟುವ ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡುವ ನುಡಿ ಇದ್ದವು. ಹಾರ್ಡ್‌ಡಿಸ್ಕ್ ಪುಣ್ಯಕ್ಕೆ ಉಳಿಯಿತು, ಫೈಲುಗಳೂ ಸಿಕ್ಕವು. ಆದರೆ ವಿಂಡೋಸ್ 11 ಇರುವ ಹೊಸ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು.

ಹಳೆಯ ಫೈಲುಗಳನ್ನು ಯೂನಿಕೋಡಿಗೆ, ಅಂದರೆ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತಕ್ಕೆ, ಬದಲಿಸಬಾರದೇ ಅನ್ನುತ್ತೀರಿ. ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿಲ್ಲ. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಬದಲಿಸಿದರೆ 200 ಪುಟದ ಪುಸ್ತಕವನ್ನು ಬೇರೆ ಸಾಫ್ಟ್‌ವೇರಿನಲ್ಲಿ ಮೊದಲಿನಿಂದ ಪುಟ ಕಟ್ಟಬೇಕು. ಅದರ ಬದಲು ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ ಮಾಡುವ ವರ್ಚುವಲ್‌ಬಾಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು, ಅದರೊಳಗೆ ಎಕ್ಸ್‌ಪಿಯನ್ನೇ ಕೂರಿಸಿದೆ. ವರ್ಚುವಲ್‌ಬಾಕ್ಸ್ ಪುಕ್ಕಟೆ ಸಿಗುತ್ತದೆ. ಎಕ್ಸ್‌ಪಿಯ ಅಸಲಿ ಸಿಡಿ ಮತ್ತು 25 ಅಕ್ಷರದ ಕೀ ಮಾತ್ರ ನಿಮ್ಮದೇ ಇರಬೇಕು. ಸಿಡಿಯನ್ನು ಮೊದಲೇ ಐಎಸ್‌ಒ ಫೈಲ್ (ಇಡೀ ಸಿಡಿಯ ನಕಲು) ಮಾಡಿಟ್ಟುಕೊಳ್ಳಿ.

ಮೊದಲು ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗಿಗೆ, ಹೋಗಿ. ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಅನ್ನುವುದನ್ನು ಆನ್ ಮಾಡಿ. ಒಳಗಿನ ಕಂಪ್ಯೂಟರಿಗೆ ಪ್ರೊಸೆಸರ್ ಕೊಡುವ ನೆರವು ಅದು. ಇದಾದ ಮೇಲೂ ಎಲ್ಲ ತೆವಳಿದಂತೆ ನಡೆದರೆ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿ ನೋಡಿ. ಅಲ್ಲಿ ಹಸಿರು ಆಮೆಯೊಂದು ಕೂತಿರುತ್ತದೆ! ವರ್ಚುವಲ್‌ಬಾಕ್ಸಿನಂಥದೇ ಕೆಲಸ ಮಾಡುವ ವಿಂಡೋಸಿನ ಹೈಪರ್-ವಿ ಆನ್ ಆಗಿದೆ ಅಂತ ಅರ್ಥ. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೋಲೇಶನ್ನಿನಲ್ಲಿ ಮೆಮೊರಿ ಇಂಟೆಗ್ರಿಟಿ ಆನ್ ಇದ್ದರೂ ಹೀಗಾಗಬಹುದು. ಅದು ವಿಂಡೋಸಿನ ಒಂದು ಕಾವಲು. ತೆಗೆಯುವುದಾದರೆ ತಿಳಿದು ತೆಗೆಯಿರಿ. ಪೇಜ್‌ಮೇಕರ್ ಒಂದಕ್ಕೇ ಆದರೆ ಆಮೆಯ ಜೊತೆಯಲ್ಲೂ ಕೆಲಸ ನಡೆದೀತು.

ಇನ್ನು ವರ್ಚುವಲ್‌ಬಾಕ್ಸಿನಲ್ಲಿ ಹೊಸ ಮೆಷಿನ್ ಮಾಡಿ. ಬಗೆ ವಿಂಡೋಸ್ ಎಕ್ಸ್‌ಪಿ, 32 ಬಿಟ್. ರ‍್ಯಾಮ್ 1024 ಎಂಬಿ, ಪ್ರೊಸೆಸರ್ ಒಂದು, ಡಿಸ್ಕ್ 20 ಜಿಬಿ ಸಾಕು. ಡಿಸ್ಕನ್ನು ಡೈನಮಿಕ್ ಆಗಿಯೇ ಬಿಡಿ, ತುಂಬಿದಷ್ಟೇ ಜಾಗ ತಿನ್ನುತ್ತದೆ. ಡಿಸ್ಕ್ ಇರಬೇಕಾದದ್ದು ಐಡಿಇ ಅನ್ನುವ ಹಳೆಯ ಬಗೆಯ ಕಂಟ್ರೋಲರಿನಲ್ಲಿ. ನಾನು ಜಾಣತನ ತೋರಿಸಲು ಹೋಗಿ ಹೊಸ ಬಗೆಯ ಸಾಟಾಗೆ ಹಾಕಿದೆ, ಜಾಸ್ತಿ ವೇಗ ಅಂತ. ಎಕ್ಸ್‌ಪಿ ಸಿಡಿಯಲ್ಲಿ ಅದರ ಡ್ರೈವರ್ ಇಲ್ಲ. ನೀಲಿ ಪರದೆ ಬಂತು, ಕೊನೆಯಲ್ಲಿ 7ಬಿ ಅನ್ನುವ ಎರರ್. ಅರ್ಧ ದಿನ ಹೋಯಿತು.

ಸ್ಟೋರೇಜಿನಲ್ಲಿ ಐಎಸ್‌ಒ ಸಿಕ್ಕಿಸಿ ಸ್ಟಾರ್ಟ್ ಒತ್ತಿ. ಎಂಟರ್, ಎಫ್8, ಮತ್ತೆ ಎಂಟರ್, ಎನ್‌ಟಿಎಫ್‌ಎಸ್ ಕ್ವಿಕ್. ಫಾರ್ಮ್ಯಾಟ್ ಅಂದಾಗ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಹೆದರಬೇಡಿ, ಅಳಿಸುವುದು ಆ 20 ಜಿಬಿಯ ಡಿಸ್ಕ್ ಫೈಲನ್ನು ಮಾತ್ರ. ಮೌಸ್ ಒಳಗೇ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿ, ಹೊರಗೆ ಬರುತ್ತದೆ.

ಫೈಲುಗಳು ಕಾಪಿಯಾದ ಮೇಲೆ ರೀಸ್ಟಾರ್ಟ್ ಆಗಿ, ಸಿಡಿಯಿಂದ ಬೂಟ್ ಮಾಡಲು ಯಾವುದಾದರೂ ಕೀ ಒತ್ತಿ ಅಂತ ಕೇಳುತ್ತದೆ. ಕೈ ಕಟ್ಟಿಕೊಂಡು ಕೂರಿ. ಒತ್ತಿದಿರೋ, ಇನ್‌ಸ್ಟಾಲ್ ಮತ್ತೆ ಮೊದಲಿನಿಂದ. ನನ್ನ ಅಕ್ಕನ ಮಗ ಪಕ್ಕದಲ್ಲಿ ಕೂತು ಮೂರು ಸಲ ಒತ್ತಿದ.

ಡೆಸ್ಕ್‌ಟಾಪ್ ಬಂದಾಗ ಪರದೆ ಚಿಕ್ಕದಾಗಿ, ಬಣ್ಣಗೆಟ್ಟು ಕಾಣಬಹುದು. ವರ್ಚುವಲ್‌ಬಾಕ್ಸ್ ಕಿಟಕಿಯ ಡಿವೈಸಸ್ ಮೆನುವಿನಿಂದ ಗೆಸ್ಟ್ ಅಡಿಷನ್ಸ್ (ಒಳಗಿನ ಎಕ್ಸ್‌ಪಿಗೆ ಬೇಕಾದ ಡ್ರೈವರುಗಳು) ಸಿಡಿ ಹಾಕಿ, ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಕೊಡಿ. ಪರದೆ ಸರಿಹೋಗುತ್ತದೆ, ಹೊರಗಿನ ವಿಂಡೋಸಿಗೂ ಒಳಗಿನ ಎಕ್ಸ್‌ಪಿಗೂ ಕಾಣುವ ಶೇರ್ಡ್ ಫೋಲ್ಡರ್ ಕೂಡ ಕೆಲಸ ಮಾಡುತ್ತದೆ. ರಿಟೇಲ್ ಸಿಡಿಯಾದರೆ 30 ದಿನದೊಳಗೆ ಆ್ಯಕ್ಟಿವೇಶನ್ ಮುಗಿಸಬೇಕು.

ಮೈಕ್ರೋಸಾಫ್ಟ್ ಎಕ್ಸ್‌ಪಿಯ ಕೈ ಬಿಟ್ಟದ್ದು 2014ರ ಏಪ್ರಿಲ್ 8ಕ್ಕೆ. ಅದನ್ನು ಇಂಟರ್ನೆಟ್ಟಿಗೆ ಬಿಡಬೇಡಿ. ವರ್ಚುವಲ್‌ಬಾಕ್ಸಿನಲ್ಲಿ ಆ ಮೆಷಿನ್ನಿನ ಸೆಟ್ಟಿಂಗ್ಸ್‌ಗೆ ಹೋಗಿ ನೆಟ್‌ವರ್ಕ್ ಅಡಾಪ್ಟರ್ ತೆಗೆದುಬಿಡಿ. ಶೇರ್ಡ್ ಫೋಲ್ಡರಿಗೆ ಅದು ಬೇಕಾಗಿಲ್ಲ.

ಪೇಜ್‌ಮೇಕರ್, ನುಡಿ, ಫಾಂಟುಗಳನ್ನೆಲ್ಲ ಹಾಕಿ, ಹಳೆಯ ಫೈಲೊಂದನ್ನು ತೆರೆದು ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ನೋಡಿ. ಎಲ್ಲ ಸರಿ ಇದ್ದರೆ ವರ್ಚುವಲ್‌ಬಾಕ್ಸಿನಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಮೆಷಿನ್ನಿನ ಈಗಿನ ಸ್ಥಿತಿಯ ದಾಖಲೆ, ತೆಗೆಯಿರಿ. ನಾಳೆ ಏನಾದರೂ ಕೆಟ್ಟರೆ ಎರಡೇ ನಿಮಿಷದಲ್ಲಿ ಇದೇ ಸ್ಥಿತಿಗೆ ಮರಳಬಹುದು. ಆದರೆ ಮರಳಿದಾಗ ಒಳಗಿನ ಡಿಸ್ಕಿನಲ್ಲಿ ಆಮೇಲೆ ಮಾಡಿದ ಕೆಲಸವೂ ಹೋಗುತ್ತದೆ. ಹಾಗಾಗಿ ಫೈಲುಗಳನ್ನು ಶೇರ್ಡ್ ಫೋಲ್ಡರಿನಲ್ಲೇ ಇಡಿ. ಒಂದು ಲಗ್ನಪತ್ರಿಕೆಯನ್ನು ನಾನು ಹೀಗೇ ಕಳೆದುಕೊಂಡು, ರಾತ್ರಿ ಕೂತು ಎರಡೂ ಕಡೆಯ ಬೀಗರ ಹೆಸರುಗಳನ್ನು ಮತ್ತೆ ಟೈಪ್ ಮಾಡಿದೆ.